ಕಾಶೀನಾಥನ ಖಾಲಿ ಮನೆಯಲ್ಲಿ ಚೀರಿದವರು

ಗುರುಲಿಂಗಯ್ಯನವರಿಗೆ ಹೆದರಿಕೆ ಎಂಬುದೇ ಇಲ್ಲ. ಇದು ವಾಡಿಯಲ್ಲಿ ಎಲ್ಲರಿಗೂ ಗೊತ್ತು, ಏಕೆಂದರೆ ಅವರೇ ಎಲ್ಲರಿಗೂ ಹೇಳಿದ್ದಾರೆ. ಹೆಂಡತಿ ಗುರುದೇವಿ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದರೂ ಅವರು ಹಿಂದೆಯೇ ಹೋಗಿ ನಿಲ್ಲುವರು. ಕೇಳಿದವರಿಗೆ, "ಆಕಿ ಅಂಜ್ತಾಳ್ರಿ, ಪಾಪ," ಎನ್ನುವರು. ಮನೆಯಲ್ಲಿ ಒಬ್ಬರೇ ಕುಳಿತಿರುವುದು ತಮಗೆ ಆಗದು ಎಂಬ ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಸ್ವತಃ ತಮಗೂ ಹೇಳಿಕೊಂಡಿರಲಿಲ್ಲ.

ಅವರು ಚಿತ್ತಾಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಗುರುದೇವಿ ಇಷ್ಟು ವರ್ಷ ಮನೆಯಲ್ಲೇ ಇದ್ದವಳು. ಈಗ ಸೇಡಂನಲ್ಲಿ ಜಾನಕೀಬಾಯಿ ಎಂಬ ಗಟ್ಟಿ ಹೆಂಗಸು ನಡೆಸುವ ರೊಟ್ಟಿ ಕೇಂದ್ರದಲ್ಲಿ ಅವಳಿಗೆ ಮೇಲ್ವಿಚಾರಕಿಯ ಕೆಲಸ ಸಿಕ್ಕಿತ್ತು. ಬರುವ ಸೋಮವಾರದಿಂದ ಶುರು. ವಾಡಿಯಿಂದ ದಿನಾ ಒಬ್ಬಳೇ ರೈಲುಗಾಡಿಯಲ್ಲಿ ಹೋಗಬೇಕು, ವಾರಕ್ಕೊಮ್ಮೆ ಜೋಳ ಆರಿಸಿ ಕೊಳ್ಳಲು ಚಿಂಚೋಳಿಯವರೆಗೂ ತಿರುಗಬೇಕು. ಗುರುದೇವಿ ಎರಡು ಅಂತಸ್ತಿನ ಹೊಸ ಸ್ಟೀಲ್ ಡಬ್ಬಿ ಕೊಂಡು, ಅದರ ಮುಚ್ಚಳದ ಮೇಲೆ ತನ್ನ ಹೆಸರು ಕೆತ್ತಿಸಿ, ಕಪಾಟಿನಲ್ಲಿ ಇಟ್ಟುಕೊಂಡಿದ್ದಳು. ದಿನಕ್ಕೆರಡು ಸಲ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಇಡುತ್ತಿದ್ದಳು.

ಇಂಥ ಹೊತ್ತಿನಲ್ಲಿ ಗುರುಲಿಂಗಯ್ಯನವರ ತಂಗಿಯ ಮಗಳು ಶಿವರಂಜನಿ ಬಂದಳು. ಸೇಡಂನ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಮಕ್ಕಳಿಗೆ ತೋರಿಸಲು ಹತ್ತು ನಿಮಿಷದ ದೆವ್ವದ ಸಿನಿಮಾ ತೆಗೆಯಬೇಕು, ಅತ್ತೆ ಮಾವ ಇಬ್ಬರೂ ಪಾತ್ರ ಮಾಡಬೇಕು ಎಂದಳು.

"ದೆವ್ವದ ಸಿನಿಮಾ ತಗದು ಪಾಠ ಏನ್ ಮಾಡ್ತೀ ತಂಗಿ?" ಎಂದರು ಗುರುಲಿಂಗಯ್ಯ.

"ಮಾಮಾ, ನೀವು ನೋಡಿದ ದೆವ್ವದ ಸಿನಿಮಾದಾಗ ಚೀರಾಕಿ ಯಾರು?"

"ಹೆಂಗಸು."

"ದೆವ್ವ?"

"ಅದೂ ಹೆಂಗಸೇ. ಬಿಳಿ ಸೀರಿ."

"ಟಾರ್ಚ್ ಹಿಡ್ಕೊಂಡು ಬರಾಂವ?"

"ಗಂಡಸು. ಮತ್ತ ಟಾರ್ಚ್ ಯಾರ ಕೈಯಾಗ ಕೊಡ್ತಾರ?"

"ಅದನ್ನೇ ಕೇಳಾಕತ್ತೀನಿ," ಎಂದಳು ಶಿವರಂಜನಿ. "ಕ್ಯಾಮೆರಾನೂ ಹಂಗೇ ಮಾಡ್ತದ. ಹೆಂಗಸು ಅಂಜಿದ್ರ ಮ್ಯಾಲ ಕುಂತು ನೋಡ್ತದ, ಆಕಿ ಸಣ್ಣಾಕಿ ಕಾಣ್ಲಿ ಅಂತ. ಗಂಡಸು ಬಂದ ಅಂದ್ರ ನೆಲಕ್ಕ ಇಳಿತದ, ಅಂವ ದೊಡ್ಡಾಂವ ಕಾಣ್ಲಿ ಅಂತ. ಮಕ್ಕಳಿಗಿ ಎರಡೂ ಕಡಿಂದ ತಗದು ತೋರಸ್ಬೇಕು. ಒಂದು ಫೋನ್ ಮ್ಯಾಲ ಅಟ್ಟದಾಗ, ಒಂದು ಕೆಳಗ ನೆಲದ ಮ್ಯಾಲ."

ಗುರುಲಿಂಗಯ್ಯನವರಿಗೆ ಈ ಮಾತಿನಲ್ಲಿ ಕಿವಿಗೆ ಬಿದ್ದದ್ದು ಒಂದೇ: ಒಂದು ಮೇಲೆ, ಒಂದು ಕೆಳಗೆ. ಕಚೇರಿಯಲ್ಲಿ ಯಾರ ಕುರ್ಚಿ ಎಲ್ಲಿರಬೇಕು ಎಂದು ಇಪ್ಪತ್ತಾರು ವರ್ಷ ನೋಡಿದ ಮನುಷ್ಯ. ಮೇಲಿನದು ಯಾವಾಗಲೂ ದೊಡ್ಡವರಿಗೆ.

"ಮ್ಯಾಲಿಂದು ನನಗಿರ್ಲಿ," ಎಂದರು. "ನಿಮ್ಮ ಅತ್ತಿನ್ನ ನೆಲದ ಮ್ಯಾಲಿಂದ ತಗಿ. ಮನಿ ಯಜಮಾನಗ ನೆಲದಾಗಿನ ಕ್ಯಾಮೆರಾ ಇಟ್ರ ಮಂದಿ ಏನಂದಾರು?"

ಶಿವರಂಜನಿ ಅತ್ತೆಯ ಮುಖ ನೋಡಿದಳು. ಅತ್ತೆ ಸೀಲಿಂಗ್ ನೋಡಿದಳು.

"ಆಗ್ಲಿ ಮಾಮಾ, ನೀವು ಹೇಳಿದಂಗೇ," ಎಂದಳು ಶಿವರಂಜನಿ.

ಮಂಗಳವಾರ ಗುರುಲಿಂಗಯ್ಯ ಅರ್ಧ ದಿನದ ರಜೆ ಹಾಕಿದರು. ಅದೇ ಓಣಿಯಲ್ಲಿ ಅವರ ಕಚೇರಿಯ ಗೆಳೆಯ ಕಾಶೀನಾಥನ ಮನೆ ಬಾಡಿಗೆಗೆ ಯಾರೂ ಸಿಗದೆ ಖಾಲಿ ಬಿದ್ದಿತ್ತು. ಶಹಾಬಾದಿ ಕಲ್ಲಿನ ಗೋಡೆ, ಶಹಾಬಾದಿ ಕಲ್ಲಿನ ನೆಲ, ಶಹಾಬಾದಿ ಕಲ್ಲಿನ ಅಟ್ಟ. ಕಿಟಕಿ ಮುಚ್ಚಿದರೆ ಮಧ್ಯಾಹ್ನ ಮೂರಕ್ಕೂ ಒಳಗೆ ಕತ್ತಲೆ. ದೆವ್ವದ ಪಾತ್ರಕ್ಕೆ ಶಿವರಂಜನಿ ಶೌಕತ ಅಲಿಯನ್ನು ಒಪ್ಪಿಸಿದ್ದಳು. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು, ಓಣಿಯಲ್ಲಿ ಅವನಷ್ಟು ಮರ್ಯಾದಸ್ಥ ಮನುಷ್ಯ ಇನ್ನೊಬ್ಬನಿಲ್ಲ. ಹಳೆಯ ಬಿಳಿ ಸಮವಸ್ತ್ರ, ಮುಖಕ್ಕೆ ಜೋಳದ ಹಿಟ್ಟು, ಕೈಯಲ್ಲಿ ಹಸಿರು ಬಾವುಟ. ಎಂದೋ ತಪ್ಪಿಹೋದ ಗಾಡಿಗಾಗಿ ಕಾಯುವ ದೆವ್ವ.

ಮೊದಲು ಗುರುದೇವಿ ಚೀರುವುದನ್ನು ತೆಗೆದರು. ದೆವ್ವ ಅವಳ ಎದುರಿಗೆ ಬಂದು ನಿಂತಿತು.

"ಕುಂದ್ರಿ ಭಾಯಿ," ಎಂದಳು ಗುರುದೇವಿ. "ಚಾ ಮಾಡ್ಲಿ?"

ಎರಡನೇ ಸಲ ಅವಳು, "ಮಾರಿಗಿ ಹಿಟ್ಟ ಹತ್ಯದ," ಎಂದು ಸೆರಗು ಕೊಟ್ಟಳು. ಮೂರನೇ ಸಲ ನಕ್ಕಳು. ನಾಲ್ಕನೇ ಸಲಕ್ಕೆ ಶಿವರಂಜನಿ, "ಇರ್ಲಿ ಬಿಡು ಅತ್ತಿ, ಹಿಂಗೇ ಛಂದ ಅದ," ಎಂದು ಕೈಬಿಟ್ಟಳು.

"ನೋಡು, ನಾ ತೋರಸ್ತೀನಿ," ಎಂದು ಗುರುಲಿಂಗಯ್ಯ ಟಾರ್ಚು ಹಿಡಿದು ಅಟ್ಟದ ಕೆಳಗೆ ಬಂದರು. ಅವರು ಅಂಗಳದ ಬಾಗಿಲ ಕಡೆ ಮುಖ ಮಾಡಿ, "ಯಾರಂವ? ಗಂಡಸಾದ್ರ ಎದುರಿಗಿ ಬಾ," ಎನ್ನಬೇಕು. ದೆವ್ವ ಎದುರಿಗೆ ಬರಬೇಕು. ಆದರೆ ಶೌಕತ ಅಲಿ ನಾಲ್ಕು ಸಲದ ಪಾತ್ರದಿಂದ ದಣಿದು ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಒರಗಿದ್ದ. ತನ್ನನ್ನು ಕರೆದದ್ದು ಕೇಳಿ ಎದ್ದು ಬಂದ. ಎದುರಿಗೆ ಹೋಗಲು ಸಾಹೇಬರನ್ನು ದಾಟಿಕೊಂಡು ಹೋಗಬೇಕು. ಕೇಳದೆ ದಾಟುವುದು ಮರ್ಯಾದೆಯಲ್ಲ. ಹಿಂದಿನಿಂದ ಅವರ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು ಕೇಳಿದ:

"ಬರ್ಲ್ಯಾ, ಸಾಬ?"

ಆಮೇಲೆ ಕೇಳಿಬಂದ ಕೂಗನ್ನು ಬರೆದು ತೋರಿಸುವ ಅಕ್ಷರ ನಮ್ಮ ವರ್ಣಮಾಲೆಯಲ್ಲಿಲ್ಲ. ತೆಳ್ಳಗೆ ಶುರುವಾಗಿ, ಮೇಲಕ್ಕೇರಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ತುದಿಯಲ್ಲಿ ಎರಡು ಸಲ ನಡುಗಿತು. ಎದುರು ಓಣಿಯಲ್ಲಿ ಜೋಳ ಹಸನು ಮಾಡುತ್ತಿದ್ದ ಪೀರಮ್ಮನ ಮೊರ ಕೆಳಗೆ ಬಿತ್ತು. ಗುರುಲಿಂಗಯ್ಯನವರೂ ಕೆಳಗೆ ಬಿದ್ದರು. ಗುರುದೇವಿ ಬಂದು ಉರುಳುತ್ತಿದ್ದ ಟಾರ್ಚನ್ನು ಎತ್ತಿ ದೆವ್ವದ ಮುಖಕ್ಕೆ ಹಿಡಿದು, ಪಾತ್ರ ಬಿಡದೆ ಕೇಳಿದಳು: "ಎಲ್ಲಿಗಿ ಹೋಗ್ಬೇಕಾಗಿತ್ತು ನಿಮಗ?"

ಗಾಬರಿಯಾದ ದೆವ್ವ, "ಸೇಡಂ," ಎಂದಿತು.

"ಸೇಡಂ ಗಾಡಿ ನಾಕಕ್ಕ ಅದ. ಇಲ್ಲ್ಯಾಕ ನಿಂತೀರಿ?"

ನಂತರ ಅವಳು ಗಂಡನನ್ನು ಎತ್ತಿ ನಿಲ್ಲಿಸಿದಳು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪೀರಮ್ಮ ಬಂದಳು, ಅವಳ ಹಿಂದೆ ಓಣಿಯೇ ಬಂತು. ಗುರುಲಿಂಗಯ್ಯ ಹೆಂಡತಿಯ ಎರಡೂ ಹೆಗಲು ಹಿಡಿದು ನಿಂತಿದ್ದರು. ಯಾರು ಯಾರನ್ನು ಹಿಡಿದು ನಿಲ್ಲಿಸಿದ್ದಾರೆ ಎಂಬುದು ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಪೀರಮ್ಮ ಬಾಗಿಲಲ್ಲಿ ನಿಂತಿದ್ದಳು. ಮೇಲಾಗಿ, ಅರವತ್ತೆಂಟು ವರ್ಷದಲ್ಲಿ ಗಂಡಸು ಚೀರಿದ್ದನ್ನು ಅವಳು ಕೇಳಿರಲಿಲ್ಲ.

"ಅಯ್ಯ ನಮ್ಮವ್ವ, ಎಷ್ಟ ಅಂಜ್ಯಾಳ ನೋಡ್ರಿ ಗುರುದೇವಿ," ಎಂದಳು. "ಗಂಡ ಹಿಡದಿದ್ದಿಲ್ಲಂದ್ರ ಬಿದ್ದೇ ಬಿಡ್ತಿದ್ಲು."

ಎಲ್ಲರೂ ಗುರುಲಿಂಗಯ್ಯನವರ ಕಡೆ ನೋಡಿದರು. ಒಂದು ಮಾತು ಸಾಕಾಗಿತ್ತು. ಅವರು ಒಂದು ಮಾತು ಆಡಿದರು.

"ಹೆಂಗಸರು ನೋಡ್ರಿ," ಎಂದರು. "ಜೀವ ಸೂಕ್ಷ್ಮ."

ಪೀರಮ್ಮನ ಬಳಿ ಅಂಜಿಕೆಗೆ ನೇಮವಿತ್ತು, ಅವಳ ತಾಯಿಯಿಂದ ಬಂದದ್ದು. ಅಂಜಿದ ಹೆಣ್ಣುಮಗಳು ಐದು ದಿನ ಒಲೆಯ ಮುಂದೆ ಕೂರಬಾರದು. ಕೊಡ ಎತ್ತಬಾರದು. ಮುಂದಿನ ಅಮಾವಾಸ್ಯೆಯ ತನಕ ಒಬ್ಬಳೇ ಊರು ದಾಟಬಾರದು. ಸಂಜೆಗೆ ಶೌಕತ ಅಲಿಯ ಹೆಂಡತಿ ಜೈತುನ್ಬೀ ದರ್ಗಾದಿಂದ ತಾಯತ ತಂದು ಗುರುದೇವಿಯ ತೋಳಿಗೆ ಕಟ್ಟಿದಳು. ಗಂಡ ಹೆದರಿಸಿದ್ದಕ್ಕೆ ಹೆಂಡತಿ ತಾಯತ ತರುವಂಥ ಅನುಕೂಲ ಎಲ್ಲ ಊರಿನಲ್ಲೂ ಇರುವುದಿಲ್ಲ. ಶೌಕತ ಅಲಿ ಮಾತ್ರ ತುಟಿ ಬಿಚ್ಚಲಿಲ್ಲ. ಗುರುಲಿಂಗಯ್ಯ ಅವನ ಕೈಹಿಡಿದು ಬೇಡಿಕೊಂಡಿದ್ದರು. ಶಿವರಂಜನಿಯನ್ನು ಅತ್ತೆಯೇ ಕಣ್ಸನ್ನೆಯಿಂದ ತಡೆದಿದ್ದಳು.

ಮಂದಿ ಹೋದ ಮೇಲೆ ಗುರುದೇವಿ ತಮ್ಮ ಮನೆಯಲ್ಲಿ ಮಂಚದ ಮೇಲೆ ಕುಳಿತು ಗಂಡನನ್ನು ಕರೆದಳು.

"ಯಾವಾಗ ಹೇಳೋರಿದ್ದೀರಿ?"

"ಏನು?"

"ಚೀರಿದೋರು ಯಾರಂತ. ಅಮಾಸಿ ತನಕ ಊರ ದಾಟಬಾರದಂತ. ಸೋಮವಾರ ನಾ ಸೇಡಂಕ ಹೋಗ್ಬೇಕು."

"ಎರಡು ದಿನ ಹೋಗ್ಲಿ, ಮಂದಿ ತಾವೇ ಮರಿತಾರ."

"ನಾ ಹೇಳಿದ್ರ ಗಂಡನ ಮಾನ ಕಳದಾಕಿ ಅಂತಾರ. ಅದಕ್ಕ ನೀವೇ ಹೇಳ್ರಿ. ನಿಮ್ಮ ಮಾನ ನೀವೇ ಇಟ್ಕೋರಿ, ನನಗ ಸೋಮವಾರದ ಗಾಡಿ ಬೇಕು." ಅವಳು ಕಾಲು ಚಾಚಿ ದಿಂಬಿಗೆ ಒರಗಿದಳು. "ಅಲ್ಲಿ ತನಕ ನೇಮ ಅಂದ್ರ ನೇಮ. ಹಿಟ್ಟು ಡಬ್ಬ್ಯಾಗ ಅದ."

ಗುರುಲಿಂಗಯ್ಯ ಐವತ್ತೊಂದು ವರ್ಷ ರೊಟ್ಟಿ ತಿಂದಿದ್ದರು. ಅದು ಬಡಿಯಲು ಸಾಕಷ್ಟು ಅನುಭವ ಎಂದು ತಿಳಿದರು. ಮೊದಲ ರೊಟ್ಟಿ ಚಿಂಚೋಳಿ ತಾಲ್ಲೂಕಿನ ನಕಾಶೆಯಂತೆ ಬಂತು. ಎರಡನೆಯದನ್ನು ಎತ್ತುವಾಗ ಚಿತ್ತಾಪುರ ಒಂದು ಕಡೆ, ಸೇಡಂ ಒಂದು ಕಡೆ ಆಯಿತು.

"ನೀರು ಕುದೀಬೇಕ್ರಿ, ಹಿಟ್ಟಿಗಿ ಜಿಗಿ ಬರ್ಬೇಕು," ಎಂದು ಮಂಚದಿಂದ ಮಾತು ಬಂತು.

"ಗೊತ್ತದ."

"ಗೊತ್ತಿದ್ದಿದ್ರ ನಿಮ್ಮ ಮೀಸಿಗಿ ಯಾಕ ಹತ್ಯದ?"

ಮರುದಿನ ಅವರು ಕಚೇರಿಯಲ್ಲಿ ಡಬ್ಬಿ ತೆರೆದಾಗ ಕಾಶೀನಾಥ ಮೊದಲು ರೊಟ್ಟಿ ನೋಡಿದ, ಆಮೇಲೆ ಸುಟ್ಟ ಬೆರಳು ನೋಡಿದ, ಕಡೆಗೆ ಮುಚ್ಚಳ ಓದಿದ. "ಗುರುದೇವಿ, ವಾಡಿ. ವೈನಿ ಡಬ್ಬಿ ತಂದೀರಿ?"

"ಆಕಿಗಿ ಈಗ ಬೇಕಾಗಂಗಿಲ್ಲ," ಎಂದರು ಗುರುಲಿಂಗಯ್ಯ. ಹೇಳಿದ ಮೇಲೆ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು. ರೊಟ್ಟಿ ಗಟ್ಟಿಯಾಗಿಯೂ ಇತ್ತು.

ಮಂದಿ ಮರೆಯಲಿಲ್ಲ. ಗುರುವಾರ ಮುಧೋಳದಿಂದ ಗುರುದೇವಿಯ ಅಣ್ಣ ಸಿದ್ಧಲಿಂಗ ಬಂದ. ಅವನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ತಂಗಿ ಮೂರು ತಾಸು ಎಚ್ಚರ ತಪ್ಪಿದ್ದಳು ಎಂದಾಗಿತ್ತು. ಬಂದು ನೋಡಿದರೆ ತಂಗಿ ಮಂಚದ ಮೇಲೆ ಕುಳಿತು ಕಡಲೆ ತಿನ್ನುತ್ತಿದ್ದಳು, ಭಾವ ಪಾತ್ರೆ ತಿಕ್ಕುತ್ತಿದ್ದರು. ಸಿದ್ಧಲಿಂಗನ ಕಣ್ಣಲ್ಲಿ ನೀರು ಬಂತು.

"ಎಂಥಾ ಗಂಡ ಸಿಕ್ಕಾನವ್ವ ನಿನಗ," ಎಂದ. "ಹಗಲಾಗ, ತನ್ನ ಓಣ್ಯಾಗ, ಗಂಡ ಬಾಜೂಕಿದ್ದಾಗ ಚೀರಾಕಿ ಒಬ್ಬಾಕಿ ಗಾಡ್ಯಾಗ ಸೇಡಂಕ ಹ್ಯಾಂಗ ಹೋಗ್ತಿ? ಆ ಕೆಲಸ ಬ್ಯಾಡ. ಜಾನಕೀಬಾಯಿಗಿ ನಾನೇ ಹೇಳಿ ಬಂದೀನಿ."

ಗುರುದೇವಿಯ ಕೈಯಲ್ಲಿದ್ದ ಕಡಲೆ ಅಲ್ಲೇ ನಿಂತಿತು. "ಏನಂದ್ರು ಅವ್ರು?"

"ಐತವಾರ ತನಕ ನೋಡ್ತೀನಿ ಅಂದ್ರು. ಚಿಂಚೋಳಿ ಕಡಿ ಒಬ್ಬಾಕಿ ತಿರುಗೋ ಕೆಲಸ ಅದ, ಧೈರ್ಯ ಇಲ್ಲದಾಕಿ ಬಂದು ಏನ್ ಮಾಡ್ಯಾಳು ಅಂದ್ರು. ಸರೀನೇ ಅದ ಅವ್ರ ಮಾತು."

ಅವಳು ಗಂಡನ ಕಡೆ ನೋಡಿದಳು. ಗುರುಲಿಂಗಯ್ಯ ಹಂಚನ್ನು ತಿಕ್ಕುತ್ತಿದ್ದರು. ಅದು ಬೆಳಿಗ್ಗೆಯೇ ತಿಕ್ಕಿದ ಹಂಚು.

ಅದೇ ಸಂಜೆ ಅವರು ಶಿವರಂಜನಿಗೆ ಫೋನು ಮಾಡಿದರು. ಕಾಲೇಜಿನಲ್ಲಿ ತೋರಿಸುವ ಮೊದಲು ಐತವಾರ ಬೆಳಿಗ್ಗೆ ಹನ್ನೊಂದಕ್ಕೆ ವಾಡಿಯ ಸಮುದಾಯ ಭವನದಲ್ಲಿ ಊರವರಿಗೆ ಚಿತ್ರ ತೋರಿಸುವುದೆಂದೂ, ಜಾನಕೀಬಾಯಿಯೇ ಮುಖ್ಯ ಅತಿಥಿಯೆಂದೂ ಆಗಲೇ ನಿಶ್ಚಯವಾಗಿತ್ತು.

"ತಂಗಿ, ಆ ಕೂಗು ಅದ ಅಲ್ಲ, ಅದನ್ನ ತಗದುಬಿಡು."

"ಆಗಂಗಿಲ್ಲ ಮಾಮಾ."

"ಹಂಗಾದ್ರ ನಿಮ್ಮ ಅತ್ತಿ ಬಾಯಾಗ ಹಾಕು. ದನಿ ಹ್ಯಾಂಗೂ ಹೆಂಗಸರದಿದ್ದಂಗೇ ಅದ, ಯಾರಿಗೂ ತಿಳಿಯಂಗಿಲ್ಲ."

"ಮಾಮಾ, ಇಡೀ ಚಿತ್ರದಾಗ ಖರೇ ಇದ್ದದ್ದು ಅದೊಂದೇ. ಶೌಕತ ಕಾಕಾನ ದೆವ್ವ ಸುಳ್ಳು, ಮಾರಿ ಮ್ಯಾಲಿನ ಹಿಟ್ಟು ಸುಳ್ಳು, ನಿಮ್ಮ ಟಾರ್ಚೂ ಸುಳ್ಳು. ಆ ಕೂಗು ತಗದ್ರ ನಾ ಮಕ್ಕಳಿಗಿ ಏನ್ ತೋರಸ್ಲಿ?"

ಗುರುಲಿಂಗಯ್ಯ ಎರಡು ದಿನ ಯೋಚಿಸಿ ಸಮಾಧಾನ ಕಂಡುಕೊಂಡರು. ತೋರಿಸಲಿ. ಚಿತ್ರವೇ ಹೇಳಿಬಿಟ್ಟರೆ ತಾವು ಬಾಯಿಬಿಡುವ ಕಷ್ಟ ತಪ್ಪಿತು. ಮಂದಿ ನಾಲ್ಕು ದಿನ ನಗುತ್ತಾರೆ, ಗುರುದೇವಿ ಗಾಡಿ ಹತ್ತುತ್ತಾಳೆ. ಸುಳ್ಳು ಹೇಳಿದ ಮನುಷ್ಯ ಸತ್ಯವನ್ನು ಬೇರೆಯವರಿಂದ ಹೇಳಿಸುವುದಕ್ಕೆ ಇಷ್ಟು ಒಳ್ಳೆಯ ಯಂತ್ರ ಇನ್ನೊಂದು ಸಿಕ್ಕದು.

ಐತವಾರ ಭವನ ತುಂಬಿತು, ಕಾಶೀನಾಥನೂ ಬಂದಿದ್ದ. ಕಿಟಕಿಗಳ ಪರದೆ ಎಳೆದರು. ಚಿತ್ರ ಶುರುವಾಯಿತು.

ಮೇಲಿನ ಕ್ಯಾಮೆರಾ ಯಜಮಾನಿಕೆಯ ಕುರ್ಚಿಯಲ್ಲ ಎಂಬುದು ಗುರುಲಿಂಗಯ್ಯನವರಿಗೆ ಮೊದಲ ನಿಮಿಷದಲ್ಲೇ ತಿಳಿಯಿತು. ಅಟ್ಟದಿಂದ ನೋಡಿದರೆ ಅವರಲ್ಲಿ ಉಳಿದದ್ದು ಒಂದು ಬೋಳು ಸುಳಿ, ಒಂದು ಹೊಟ್ಟೆ, ಅದರ ಆಚೆ ಎರಡು ಚಪ್ಪಲಿ. ಕೊಡದೊಳಗೆ ಬಿದ್ದ ಇಲಿ ಮೇಲೆ ನೋಡಿದಂತೆ ಅವರು ನಡುನಡುವೆ ಕ್ಯಾಮೆರಾ ಕಡೆ ನೋಡುತ್ತಿದ್ದರು. ಹಿಂದಿನಿಂದ ಬಿಳಿಯ ಕೈ ಬಂತು. ಕೂಗು ಬಂತು. ಇಲಿ ಕೊಡದ ತಳಕ್ಕೆ ಹೋಯಿತು. ಆಮೇಲೆ ಕ್ಯಾಮೆರಾ ನೆಲಕ್ಕೆ ಬಂತು. ಅಲ್ಲಿಂದ ನೋಡಿದರೆ ಗುರುದೇವಿ ಸಿಮೆಂಟ್ ಕಾರ್ಖಾನೆಯ ಚಿಮಣಿಯಷ್ಟು ಎತ್ತರ. ಒಂದು ಕೈ ಸೊಂಟದ ಮೇಲೆ, ಒಂದು ಕೈಯಲ್ಲಿ ಟಾರ್ಚು. "ಸೇಡಂ ಗಾಡಿ ನಾಕಕ್ಕ ಅದ" ಎಂದಾಗ ದೆವ್ವವೇ ಒಂದು ಹೆಜ್ಜೆ ಹಿಂದೆ ಸರಿಯಿತು.

ಕಿಟಕಿಗಳ ಪರದೆ ಸರಿಸಿದರು. ಗುರುಲಿಂಗಯ್ಯ ತಲೆ ತಗ್ಗಿಸಿ ನಗೆಗಾಗಿ ಕಾದರು.

ನಗೆ ಬಂತು, ಅದರ ಹಿಂದೆ ಚಪ್ಪಾಳೆ ಬಂತು, ಚಪ್ಪಾಳೆಯ ಹಿಂದೆ ಸಿದ್ಧಲಿಂಗ ಬಂದು ಅವರನ್ನು ತಬ್ಬಿಕೊಂಡ.

"ಏನ್ ಪಾರ್ಟ್ ಮಾಡೀರಿ ಭಾವ. ತಂಗಿ ಹ್ಯಾಂಗ ಚೀರಿದ್ಲು ಹಂಗೇ ಚೀರಿ ತೋರ್ಸೀರಿ."

"ಅದೇ ದನಿ," ಎಂದಳು ಪೀರಮ್ಮ. "ನಾ ನನ್ನ ಕಿವೀಲಿ ಕೇಳೀನಲ್ಲ, ಗುರುದೇವಿದು ಅದೇ ದನಿ. ತುದ್ಯಾಗ ಎರಡು ಸಲ ನಡುಗ್ತದ ನೋಡ್ರಿ, ಅದನ್ನೂ ಬಿಟ್ಟಿಲ್ಲ."

ಜಾನಕೀಬಾಯಿ ವೇದಿಕೆಯ ಮೇಲೆ ಮೈಕು ಹಿಡಿದರು. "ಗುರುಲಿಂಗಯ್ಯನವರಂಥಾ ನಟರು ನಮ್ಮ ಕಡಿ ಅದಾರ ಅಂತ ಗೊತ್ತಿದ್ದಿಲ್ಲ. ಗಂಡಸಾಗಿ ಹೆಂಗಸಿನಂಗ ಅಂಜೋದು ಸಾದಾ ಮಾತಲ್ಲ. ಗುರುದೇವಿನೂ ಚಿತ್ರದಾಗ ಧೈರ್ಯದಾಕಿ ಪಾರ್ಟ್ ಛಲೋ ಮಾಡ್ಯಾಳ. ಖರೇ ಜೀವನದಾಗ ಅಷ್ಟು ಧೈರ್ಯ ಇದ್ದಿದ್ರ ನಾ ನಾಳೆನೇ ಕರಕೊಂಡು ಹೋಗ್ತಿದ್ದೆ. ಇರ್ಲಿ, ಬ್ಯಾರೆ ಯಾರನ್ನಾರ ನೋಡ್ತೀನಿ," ಎಂದು, ನಟರಿಗೆ ಸನ್ಮಾನವೆಂದು ಗುರುಲಿಂಗಯ್ಯನವರನ್ನು ಮೇಲೆ ಕರೆದು ಶಾಲು ಹೊದಿಸಿದರು.

ಯಂತ್ರ ತನ್ನ ಕೆಲಸ ಮಾಡಿತ್ತು. ನೋಡುವವರು ತಮ್ಮ ಕಣ್ಣನ್ನು ಮನೆಯಿಂದಲೇ ತಂದಿದ್ದರು.

ಗುರುಲಿಂಗಯ್ಯ ಮೈಕು ಹಿಡಿದು ನಿಂತರು. ಮೈಮೇಲೆ ಶಾಲು, ಕಿವಿಯಲ್ಲಿ ಚಪ್ಪಾಳೆ. ಸುಮ್ಮನೆ ಕೈಮುಗಿದು ಇಳಿದರೆ ಆಯುಷ್ಯವಿಡೀ ವಾಡಿಯ ದೊಡ್ಡ ನಟ. ಎರಡನೇ ಸಾಲಿನಲ್ಲಿ ಗುರುದೇವಿ ಕುಳಿತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇತ್ತು, ಮಧ್ಯಾಹ್ನದ ಊಟಕ್ಕೆ ಗಂಡ ಬಡಿದ ರೊಟ್ಟಿ ಅದರಲ್ಲಿತ್ತು. ಅವಳು ಮುಚ್ಚಳದ ಮೇಲಿನ ತನ್ನ ಹೆಸರನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಅದು ಪಾರ್ಟ್ ಅಲ್ಲ," ಎಂದರು ಗುರುಲಿಂಗಯ್ಯ. ದನಿ ಸಣ್ಣಗಿತ್ತು, ಮೈಕು ದೊಡ್ಡದು ಮಾಡಿತು. "ಮಂಗಳವಾರ ಚೀರಿದಾಂವ ನಾನೇ. ಆಕಿ ಅಲ್ಲ. ಆಕಿ ನನ್ನ ಎತ್ತಿ ನಿಂದ್ರಿಸಿದ್ಲು. ನಾ ಸುಳ್ಳ ಹೇಳಿದೆ."

ಭವನದಲ್ಲಿ ಮೊದಲಿಗಿಂತ ದೊಡ್ಡ ಚಪ್ಪಾಳೆ ಎದ್ದಿತು. ಪೀರಮ್ಮ ಕಣ್ಣೊರೆಸಿಕೊಂಡಳು.

"ಹೆಂಡ್ತಿ ನೌಕರಿ ಉಳೀಲಿ ಅಂತ ತನ್ನ ಮ್ಯಾಲ ಹಾಕ್ಕೊಂಡ ನೋಡ್ರಿ. ಐದು ದಿನ ರೊಟ್ಟಿ ಬಡದಾನ, ಮ್ಯಾಲ ಇದು ಬ್ಯಾರೆ."

"ಅಲ್ಲವ್ವ ಪೀರಮ್ಮ, ಖರೇನೇ ನಾನು," ಎಂದರು ಗುರುಲಿಂಗಯ್ಯ.

"ಆಯ್ತಪ್ಪ, ನೀನೇ. ಕುಂದ್ರು."

"ನನ್ನ ಲಿಂಗದಾಣಿ, ನಾನು."

"ಭಾವ, ಲಿಂಗದಾಣಿ ಹಾಕ್ಬ್ಯಾಡ್ರಿ," ಎಂದು ಸಿದ್ಧಲಿಂಗ ಎದ್ದು ನಿಂತ. "ತಂಗಿ ಸಲುವಾಗಿ ಪಾಪ ಕಟ್ಕೋಬ್ಯಾಡ್ರಿ."

ಗುರುಲಿಂಗಯ್ಯ ಬೆವರಿದರು. ಒಂದು ಸುಳ್ಳನ್ನು ನಂಬಿಸಲು ನಾಲ್ಕು ಪದ ಸಾಕಾಗಿತ್ತು. ಸತ್ಯಕ್ಕೆ ಆಣೆಯೂ ಸಾಲಲಿಲ್ಲ. ಹೆಂಡತಿಯ ಕಡೆ ನೋಡಿ ಅವರು ಕೈಚೆಲ್ಲಿದರು. ಗುರುದೇವಿ ಅವರನ್ನು ನೋಡುತ್ತಿರಲಿಲ್ಲ, ಅವರ ಹಿಂದೆ ನೋಡುತ್ತಿದ್ದಳು.

ನಟರಿಗೆಲ್ಲ ಸನ್ಮಾನವಿದ್ದುದರಿಂದ ಶೌಕತ ಅಲಿ ವೇಷದಲ್ಲೇ ಬಂದು ವೇದಿಕೆಯ ಪರದೆಯ ಹಿಂದೆ ಕಾಯುತ್ತಿದ್ದ. ಬಿಳಿ ಸಮವಸ್ತ್ರ, ಮುಖಕ್ಕೆ ಹಿಟ್ಟು, ಹಸಿರು ಬಾವುಟ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಹೊತ್ತಿಗೆ ಮುಂಚೆ ಬಾವುಟ ಬೀಸದ ಮನುಷ್ಯ. ಹೊತ್ತಾದಾಗ ತಡಮಾಡಿದ್ದೂ ಇಲ್ಲ. ಅವನು ಬರಿಗಾಲಲ್ಲಿ ಬಂದು ಗುರುಲಿಂಗಯ್ಯನವರ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟ.

"ಬರ್ಲ್ಯಾ, ಸಾಬ?"

ಈ ಸಲ ಮೈಕು ಕೈಯಲ್ಲಿತ್ತು. ಕೂಗು ತೆಳ್ಳಗೆ ಶುರುವಾಗಿ, ಮೇಲಕ್ಕೇರಿ, ಅಲ್ಲೇ ನಿಂತು, ತುದಿಯಲ್ಲಿ ಎರಡು ಸಲ ನಡುಗಿತು. ಸ್ಟೇಷನ್ನಿನಲ್ಲಿ ನಿಂತಿದ್ದವರು ಗಾಡಿ ಬಂತೆಂದು ಚೀಲ ಎತ್ತಿಕೊಂಡರು ಎಂದು ಆಮೇಲೆ ಕೇಳಿದೆವು. ಗುರುಲಿಂಗಯ್ಯ ಶಾಲಿನ ಸಮೇತ ಕುಸಿದರು. ಎರಡನೇ ಸಾಲಿನಿಂದ ಗುರುದೇವಿ ಎದ್ದು, ಡಬ್ಬಿಯನ್ನು ಪಕ್ಕದವರ ಕೈಗೆ ಕೊಟ್ಟು, ವೇದಿಕೆ ಹತ್ತಿ ಗಂಡನನ್ನು ಎತ್ತಿ ನಿಲ್ಲಿಸಿದಳು. ಅವರು ಅವಳ ಎರಡೂ ಹೆಗಲು ಹಿಡಿದುಕೊಂಡರು. ಈಗ ಇಡೀ ವಾಡಿ ಸರಿಯಾದ ಜಾಗದಲ್ಲಿ ಕುಳಿತಿತ್ತು.

"ಅದೇ ದನಿ," ಎಂದಳು ಪೀರಮ್ಮ, ಈ ಸಲ ಮೆಲ್ಲಗೆ.

ಜಾನಕೀಬಾಯಿ ಗುರುದೇವಿಯನ್ನು ಮೇಲಿನಿಂದ ಕೆಳಗೆ ನೋಡಿದರು. "ನಾಳಿ ಎಷ್ಟರ ಗಾಡಿಗಿ ಬರ್ತೀಯವ್ವ?"

"ಮುಂಜಾನಿ ಮೊದಲನೇ ಗಾಡಿಗಿ," ಎಂದಳು ಗುರುದೇವಿ.

ಸಿದ್ಧಲಿಂಗ ಏನೋ ಹೇಳಲು ಬಾಯಿ ತೆರೆದ, ತಂಗಿ ಅವನ ಕಡೆ ತಿರುಗಿದಳು, ಅವನು ಆಕಳಿಸಿದಂತೆ ಮಾಡಿ ಮುಚ್ಚಿಕೊಂಡ. ಪೀರಮ್ಮ ವೇದಿಕೆ ಹತ್ತಿ ಗುರುದೇವಿಯ ತೋಳಿನ ತಾಯತ ಬಿಚ್ಚಿ ಗುರುಲಿಂಗಯ್ಯನವರ ತೋಳಿಗೆ ಬಿಗಿದಳು. ಜೈತುನ್ಬೀ ಗಂಟು ಸರಿಯಾಗಿದೆಯೇ ಎಂದು ನೋಡಿದಳು.

"ಪೀರಮ್ಮ, ಹಂಗಾದ್ರ ಈಗ ನೇಮ ನನಗ ಬಂತಲ್ಲ?" ಎಂದರು ಗುರುಲಿಂಗಯ್ಯ ಸ್ವಲ್ಪ ಆಸೆಯಿಂದ. "ಐದು ದಿನ ಒಲಿ ಮುಂದ ಕುಂದರಬಾರದು."

ಪೀರಮ್ಮ ಯೋಚಿಸಿದಳು. "ಅದು ಹೆಣ್ಣುಮಕ್ಕಳ ನೇಮಪ್ಪ. ಗಂಡಸರಿಗಿ ಏನು ಅಂತ ನಮ್ಮವ್ವ ಹೇಳಿಲ್ಲ. ಆಕಿ ಕಾಲದಾಗ ಅಂಜಿದ ಗಂಡಸರು ಯಾರೂ ಹೇಳ್ಕೊಂಡಿದ್ದಿಲ್ಲ."

ಹೀಗೆ ನೇಮವಿಲ್ಲದೆ ಗುರುಲಿಂಗಯ್ಯ ಸೋಮವಾರ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದರು. ಆರು ದಿನದ ಅಭ್ಯಾಸಕ್ಕೆ ಒಂದು ರೊಟ್ಟಿ ದುಂಡಗೆ ಬಂತು. ಅದನ್ನೇ ಡಬ್ಬಿಯ ಮೇಲಿನ ಅಂತಸ್ತಿನಲ್ಲಿಟ್ಟು ಸ್ಟೇಷನ್ನಿಗೆ ಹೊತ್ತು ತಂದರು. ಗುರುದೇವಿ ಕಿಟಕಿಯ ಪಕ್ಕ ಕುಳಿತು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು.

"ಇವತ್ತು ಕಚೇರಿಗಿ ರಜಾ ಹಾಕೀನಿ," ಎಂದರು ಗುರುಲಿಂಗಯ್ಯ ಪ್ಲಾಟ್‌ಫಾರ್ಮಿನಿಂದ. "ಕಾಶೀನಾಥ ಎಲ್ಲಾರಿಗಿ ಹೇಳಿರ್ತಾನ. ಒಂದು ದಿನ ಮನ್ಯಾಗೇ ಇರ್ತೀನಿ."

"ಇರ್ರಿ."

ಗಾಡಿ ಅಲುಗಿತು. ಅವರು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದರು.

"ತಿರುಗಿ ಎಷ್ಟೊತ್ತಿಗಿ ಬರ್ತಿ?"

"ಸಂಜಿ ಗಾಡಿಗಿ. ಯಾಕ್ರಿ?"

"ಏನಿಲ್ಲ," ಎಂದರು ಗುರುಲಿಂಗಯ್ಯ, ತೋಳಿನ ತಾಯತ ಮುಟ್ಟಿಕೊಂಡು. "ಮನ್ಯಾಗ ಒಬ್ನೇ ಇರ್ಬೇಕಲ್ಲ."

ಗುರುದೇವಿ ಚೀಲದಲ್ಲಿ ಕೈ ಹಾಕಿ, ಟಾರ್ಚು ತೆಗೆದು, ಕಿಟಕಿಯಿಂದ ಅವರ ಕೈಗೆ ಕೊಟ್ಟಳು.